ಖಾಲಿ ಸ್ಟೂಲಿನ ಮುಂದೆ ಬಿಸಿ ಚಾ

ತಪ್ಪು ನನ್ನದೇ. ಪಣಂಬೂರಿನ ಮರಳಿನಲ್ಲಿ ಶೋಕಿ ಮಾಡಲು ಅಜ್ಜನ ಜೀಪನ್ನು ನಾಲ್ಕೂ ಚಕ್ರ ಎಳೆಯುವ ಫೋರ್‌ವೀಲಿಗೆ ಹಾಕಿದವನು, ಅದರ ಲಿವರ್ ಹಿಂದಕ್ಕೆ ತರಲು ಮರೆತು ಎರಡು ತಿಂಗಳು ಡಾಂಬರು ರಸ್ತೆಯಲ್ಲಿ ಓಡಿಸಿದೆ. ಅದರಿಂದಲೇ ಮುಂದಿನ ಹೊಸ ಟಯರುಗಳು ಅಡ್ಡಾದಿಡ್ಡಿ ಸವೆದವು. ಇನ್ನೊಮ್ಮೆ ಟಯರ್ ಹಾಳಾದರೆ ಜೀಪನ್ನೇ ಮಾರುವುದೆಂದು ಅಮ್ಮ ಹೇಳಿಯಾಗಿತ್ತು. ದೋಷ ಚಕ್ರಗಳ ಅಲೈನ್‌ಮೆಂಟಿನದೆಂದು ಅಮ್ಮನಿಗೆ ಹೇಳಿಸಲು ಕುದ್ರೋಳಿಯ ಗ್ಯಾರೇಜಿನ ಮೇಸ್ತ್ರಿಗೆ ಬೆಳಿಗ್ಗೆ ಫೋನ್ ಮಾಡಿದೆ. ನಗಿಸಿದರೆ ಕರಗಿಯಾರೆಂದು ತೀರಿಹೋದ ಅಜ್ಜನ ಸ್ವರದಲ್ಲೇ ಮಾತಾಡಿದೆ, ಕೆಮ್ಮು ಸಮೇತ.

ಅವರು ನಗಲಿಲ್ಲ. “ಬನ್ನಿ ಅಣ್ಣೇರೆ, ಸ್ಟೂಲ್ ಇಡ್ತೇನೆ,” ಎಂದರು, ಅಜ್ಜನನ್ನು ಕರೆಯುತ್ತಿದ್ದ ಹಾಗೆಯೇ.

ಹೋಗಿ ನೋಡಿದರೆ ಅಜ್ಜ ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಸ್ಟೂಲು, ಅದರ ಮುಂದೆ ಬಿಸಿ ಚಾ. ಮೇಸ್ತ್ರಿ ಮೆಷಿನ್ನಿಗಿಂತ ಮೊದಲು ಅಂಗೈಯನ್ನು ನಂಬುವವರು. ಕಣ್ಣು ಮುಚ್ಚಿ ಟಯರನ್ನು ಒಳಗಿನಿಂದ ಹೊರಕ್ಕೆ ಸವರಿದರು, ಆಮೇಲೆ ಹೊರಗಿನಿಂದ ಒಳಕ್ಕೆ. “ಕೈಗೆ ಗೊತ್ತಾಗ್ತದೆ,” ಎಂಬ ತಮ್ಮ ಎಂದಿನ ಮಾತನ್ನು ಖಾಲಿ ಸ್ಟೂಲಿಗೆ ಹೇಳಿದರು. ಅಲ್ಲಿಂದೇನೋ ಉತ್ತರ ಬಂದಂತೆ ತಲೆಯಾಡಿಸಿದರು. ನನ್ನತ್ತ ನೋಡಲೇ ಇಲ್ಲ.

ಊರಿಡೀ ಜನರ ಸ್ವರ ಕದಿಯುವ ನನಗೆ ನನ್ನ ಸ್ವರ ಹೊರಡಿಸುವುದೇ ಕಷ್ಟವಾಯಿತು.

“ಮಾಮ, ಫೋನ್ ಮಾಡಿದ್ದು ನಾನು. ಅಲೈನ್‌ಮೆಂಟ್ ಹೋಗಿದೆ ಅಂತ ಅಮ್ಮನಿಗೊಂದು ಮಾತು ಹೇಳ್ತೀರಾ?”

ಅವರು ನಿಧಾನವಾಗಿ ಕೈ ಒರೆಸಿಕೊಂಡರು.

“ಗೊತ್ತುಂಟು ಮಾರಾಯ. ಅಲೈನ್‌ಮೆಂಟ್ ಸರಿ ಉಂಟು, ಲಿವರ್ ತೆಗೀಲಿಲ್ಲ ಅವ ಅಂತ ನಿನ್ನ ಅಜ್ಜ ನಿನ್ನೆಯೇ ಫೋನ್ ಮಾಡಿದ್ರು.”