ಕೆಂಪವ್ವನ ಮೇಲಿನ ಹಲಗೆ

ನಮ್ಮ ಚರ್ಚಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಪ್ಪು ಕಲ್ಲು ಕೂರಿಸಿದ್ದಾರೆ. ‘ಪೀಠದ ನಡುವಿನ ಹಲಗೆಯ ದಾನಿ ಇನ್ನಾಸಪ್ಪ ಬಡಿಗೇರ, ಪತ್ನಿ ಕೆಂಪವ್ವನ ನೆನಪಿಗೆ’ ಎಂದು ಬಂಗಾರದ ಬಣ್ಣದಲ್ಲಿ ಬರೆದಿದೆ. ಹೊರಗಿನವರು ಓದಿ ತಲೆದೂಗುತ್ತಾರೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ. ಇನ್ನಾಸಣ್ಣ ಆ ಹಲಗೆಯನ್ನು ಯಾರಿಗೂ ದಾನ ಕೊಟ್ಟಿಲ್ಲ. ನಾನು ಅವನ ಪಕ್ಕದ ಮನೆಯವಳು, ಅವನ ಉಳಿಯ ಸದ್ದು ಕೇಳುತ್ತಲೇ ಮುದುಕಿಯಾದವಳು. ನಡೆದದ್ದನ್ನು ನಾನಾದರೂ ಹೇಳಬೇಕು.

ನಮ್ಮ ಹಳೆಯ ಊರು ಅನಗವಾಡಿಯ ಆಚೆ, ಹೊಳೆಯ ದಂಡೆಯಲ್ಲೇ ಇತ್ತು. ಚರ್ಚು ಚಿಕ್ಕದು. ಮಣ್ಣಿನ ಗೋಡೆ, ಸುಣ್ಣ, ಒಳಗೆ ಸುತ್ತಲೂ ಕೆಮ್ಮಣ್ಣಿನ ಪಟ್ಟಿ. ಬಲಿಪೀಠದ ಹಿಂದೆ ಸಾಗವಾನಿಯ ಕಂಬ, ಕಮಾನು, ಅವುಗಳ ನಡುವೆ ಆಳುದ್ದದ ಒಂದು ಹಲಗೆ. ಅದರಲ್ಲಿ ಎರಡು ನವಿಲು, ಒಂದು ದ್ರಾಕ್ಷಿ ಬಳ್ಳಿ. ಕೆತ್ತಿದವನು ಇನ್ನಾಸಣ್ಣನ ಮುತ್ತಜ್ಜ. ಪಾಪ, ಅವನು ದ್ರಾಕ್ಷಿಯನ್ನು ಕಣ್ಣಿಂದ ಕಂಡವನಲ್ಲ, ಹೀಗಾಗಿ ಗೊಂಚಲುಗಳೆಲ್ಲ ಬೇವಿನ ಹಣ್ಣಿನಂತೆ ಇದ್ದವು. ನಾವು ಅದನ್ನೇ ನೋಡುತ್ತ ಜಪಮಾಲೆ ಹೇಳಿ ಬೆಳೆದವರು.

ಆಲಮಟ್ಟಿ ಆಣೆಕಟ್ಟಿನ ನೀರು ಬರುತ್ತದೆಂದು ಖಾತ್ರಿಯಾದಾಗ ಎಲ್ಲರಿಗೂ ಮೇಲಿನ ಎರೆಹೊಲದಲ್ಲಿ ಪ್ಲಾಟು ಕೊಟ್ಟರು. ಚರ್ಚನ್ನು ಬಿಚ್ಚಿದೆವು. ಪೀಠದ ಒಂದೊಂದು ಭಾಗವನ್ನು ಒಂದೊಂದು ಮನೆಯವರು ಕಾಯುವುದೆಂದು ಮಾತಾಯಿತು. ಹಲಗೆ ಇನ್ನಾಸಣ್ಣನ ಪಾಲಿಗೆ ಬಂತು. ಸಾಮಾನು ಕಟ್ಟುವ ಆ ಗಡಿಬಿಡಿಯಲ್ಲೇ ಕೆಂಪವ್ವ ಜ್ವರ ಬಂದು ತೀರಿಕೊಂಡಳು.

ನಮ್ಮವರಲ್ಲಿ ಆಗ ಸತ್ತವರಿಗೆ ಪೆಟ್ಟಿಗೆ ಮಾಡಿಸುವ ರೂಢಿ ಇರಲಿಲ್ಲ. ಊರಿಗೆಲ್ಲ ಒಂದೇ ಪೆಟ್ಟಿಗೆ, ಅದರಲ್ಲಿ ಹೊತ್ತೊಯ್ಯುವುದು, ಬಟ್ಟೆ ಸುತ್ತಿ ಕುಣಿಗೆ ಇಳಿಸುವುದು, ಖಾಲಿ ಪೆಟ್ಟಿಗೆಯನ್ನು ಚರ್ಚಿಗೆ ತಂದಿಡುವುದು. ಇನ್ನಾಸಣ್ಣ ಒಪ್ಪಲಿಲ್ಲ.

“ಮುಂದಿನ ಮಳಿಗೆ ಇಲ್ಲಿ ಹೊಳಿ ಬರತೈತಿ. ಬರೇ ಅರಿವಿ ಸುತ್ತಿ ಆಕಿನ್ನ ನೀರಾಗ ಹೆಂಗ ಬಿಡ್ಲಿ?” ಎಂದ.

ಮನೆಯ ಬಾಗಿಲು ಕಿತ್ತು ಪೆಟ್ಟಿಗೆ ಮಾಡಿದ. ಮುಚ್ಚಳಕ್ಕೆ ಆ ಹಲಗೆಯನ್ನೇ ಹಾಕಿದ, ಕೆತ್ತನೆ ಒಳಮುಖವಾಗಿ. “ಕತ್ತಲ್ಯಾಗ ಆಕಿಗೆ ಗುಡಿ ಇದ್ದಂಗ ಇರತೈತಿ” ಎಂದು ತನಗೆ ತಾನೇ ಹೇಳಿಕೊಂಡ. ಪೀಠದ ಹಲಗೆಯನ್ನು ಹೂಳಬೇಡ ಎಂದು ಅವತ್ತು ಒಬ್ಬರೂ ಅನ್ನಲಿಲ್ಲ. ಹೆಗಲು ಕೊಟ್ಟವರಲ್ಲಿ ಬಾಗಲಕೋಟೆಯಲ್ಲಿ ನೌಕರಿಯಲ್ಲಿದ್ದ ನಮ್ಮೂರ ಪರಮಾನಂದನೂ ಒಬ್ಬ. “ಛಲೋ ಮಾಡಿದಿ ಕಾಕಾ” ಎಂದು ಕಣ್ಣೊರೆಸಿಕೊಂಡಿದ್ದನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಆ ಸ್ಮಶಾನದಲ್ಲಿ ಮಣ್ಣಾದವರಲ್ಲಿ ಕೆಂಪವ್ವನೇ ಕೊನೆಯವಳು. ಎಲ್ಲರಿಗಿಂತ ಆಚೆ ತುದಿಯಲ್ಲಿ, ಒಂಟಿಯಾಗಿ.

ನೀರು ಬಂತು. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದಾಗ ಹಿನ್ನೀರು ತುಂಬಿ ನಿಂತಿರುತ್ತದೆ, ಸಮಾಧಿಗೆ ಹೋಗುವಂತಿಲ್ಲ. ಹೀಗಾಗಿ ನಾವೆಲ್ಲ ದಡದಲ್ಲಿ ನಿಂತು, ನಮ್ಮ ನಮ್ಮವರು ಮಲಗಿದ ಕಡೆಗೆ ಮುಖ ಮಾಡಿ ಮೇಣದ ಬತ್ತಿ ಹಚ್ಚುತ್ತೇವೆ. ಮೇ ತಿಂಗಳಲ್ಲಿ ನೀರು ಇಳಿದಾಗ ಇನ್ನಾಸಣ್ಣ ಕೆಸರು ತುಳಿದು ಹೋಗಿ ಹೆಂಡತಿಯ ಶಿಲುಬೆ ಕಲ್ಲನ್ನು ತಿಕ್ಕಿ ತೊಳೆದು ಬರುತ್ತಿದ್ದ.

ಹೊಸ ಊರಿನ ಚರ್ಚು ಸಿಮೆಂಟಿನದು. ಎದೆಯೆತ್ತರಕ್ಕೆ ಬಚ್ಚಲಿಗೆ ಹಾಕುವಂಥ ಟೈಲ್ಸು, ಯೇಸುವಿನ ಹಿಂದೆ ಮಿಣುಮಿಣುಕು ಸೀರಿಯಲ್ ಸೆಟ್ಟು, ಪ್ಲಾಸ್ಟಿಕ್ ಹೂವು. ಹತ್ತು ವರ್ಷ ಅದರಲ್ಲೇ ಮೊಣಕಾಲೂರಿದೆವು. ಆಮೇಲೆ ಒಬ್ಬ ಹರೆಯದ ಫಾದರ್ ಬಂದರು. ಹಳೆಯ ಚರ್ಚಿನ ಒಂದು ಫೋಟೊ ಅವರ ಕೈಗೆ ಸಿಕ್ಕಿತು. ಒಳಗೆಲ್ಲ ಮೊದಲಿನ ಹಾಗೇ ಮಾಡೋಣ ಎಂದರು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಕೆಲಸವೇ. ಟೈಲ್ಸು ಕಿತ್ತಾಗ ನನಗೂ ಖುಷಿಯಾಯಿತು. ಸುಣ್ಣ ಬಳಿಯಲು ಹೆಂಗಸರೆಲ್ಲ ಸೇರಿದೆವು, ಕೆಮ್ಮಣ್ಣಿನ ಪಟ್ಟಿ ಎಳೆದವಳು ನಾನೇ.

ಪೀಠದ ಭಾಗಗಳು ಒಂದೊಂದೇ ಹೊರಬಂದವು. ಒಂದು ಕಂಬ ಯಾರದೋ ದನದ ಕೊಟ್ಟಿಗೆಗೆ ಆಧಾರವಾಗಿತ್ತು, ಕಮಾನಿಗೆ ಯಾರೋ ಜೋಕಾಲಿ ಕಟ್ಟಿದ್ದರು. ಅವರನ್ನೆಲ್ಲ ಯಾರೂ ಒಂದು ಮಾತೂ ಕೇಳಲಿಲ್ಲ. ಇನ್ನಾಸಣ್ಣ ಎಲ್ಲವನ್ನೂ ತೊಳೆದು, ಎಣ್ಣೆ ತಿಕ್ಕಿ, ಮುರಿದಲ್ಲಿ ತುಂಡು ಕೂಡಿಸಿ ನಿಲ್ಲಿಸಿದ. ನಡುವಿನ ಜಾಗ ಖಾಲಿ ಉಳಿಯಿತು. ಅದಕ್ಕೆಂದು ಮನೆಯ ಪಡಸಾಲೆಯಲ್ಲಿ ಹೊಸ ಹಲಗೆ ಕೆತ್ತತೊಡಗಿದ. ಅವೇ ನವಿಲು, ಅದೇ ಬೇವಿನ ಹಣ್ಣಿನ ದ್ರಾಕ್ಷಿ.

ಪರಮಾನಂದ ಅಷ್ಟರಲ್ಲಿ ನಿವೃತ್ತನಾಗಿ ಬಂದು ಚರ್ಚಿನ ಕಮಿಟಿಯ ಅಧ್ಯಕ್ಷನಾಗಿದ್ದ. ಕಮಿಟಿಯವರನ್ನು ಕಟ್ಟಿಕೊಂಡು ಇನ್ನಾಸಣ್ಣನ ಪಡಸಾಲೆಗೇ ಬಂದ. ಚಹಾ ಕೊಟ್ಟವಳು ನಾನು.

“ಕಾಕಾ, ಹೊಸಾದು ಹೊಸಾದ ಕಾಣತೈತಿ. ಬ್ಯಾಸಗಿ ಐತಿ, ನೀರ ಇಳದೈತಿ. ಸಾಗವಾನಿ ಏನೂ ಆಗಿರೂದಿಲ್ಲ. ತಗಸೂನು.”

ಇನ್ನಾಸಣ್ಣನ ಕೈಯಲ್ಲಿದ್ದ ಉಳಿ ನಿಂತಿತು. “ಏನ ತಗಸೂದು?”

“ಹಲಗಿ. ಕೆಂಪವ್ವಗ ಹೊಸಾ ಪೆಟಗಿ ಮಾಡಸ್ತೇವಿ. ಆಕಿನ್ನೂ ಇಲ್ಲೇ ಹೊಸಾ ಸ್ಮಶಾನಕ್ಕ ತರೂನು. ಆಕೀನೂ ನಮ್ಮ ಹತ್ರ ಬಂದಂಗ ಆತು.”

“ಆಕಿ ಮಲಗ್ಯಾಳಪಾ. ಎಬ್ಬಸಬ್ಯಾಡ್ರಿ,” ಎಂದ ಇನ್ನಾಸಣ್ಣ. “ಇದನ್ನ ಕೆತ್ತಿ ಕೊಡ್ತೇನಿ. ನಮ್ಮ ಮುತ್ತ್ಯಾನ ಕೈ, ನನ್ನ ಕೈ ಬ್ಯಾರೆ ಅಲ್ಲ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ.”

ಅವರು ಚಹಾ ಮುಗಿಸಿ ಎದ್ದು ಹೋದರು. ಆಮೇಲೆ ಊರಲ್ಲಿ ಶುರುವಾಯಿತು. ದೇವರ ಹಲಗೆಯನ್ನು ಹೆಂಡತಿಗೆ ಹೊದಿಸಿದವ ಎಂದು ಹಿಂದಿನಿಂದ ಆಡಿಕೊಂಡರು. ಪೂಜೆಗೆ ಹೋದರೆ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಜೋಕಾಲಿ ಕಟ್ಟಿದವರ ನಾಲಗೆಯೇ ಎಲ್ಲಕ್ಕಿಂತ ಉದ್ದವಾಗಿತ್ತು.

ಮೇ ತಿಂಗಳ ಕೊನೆಗೆ ಇನ್ನಾಸಣ್ಣ ಮೊಮ್ಮಗಳ ಜ್ಞಾನಸ್ನಾನಕ್ಕೆಂದು ಬನಹಟ್ಟಿಯ ಮಗಳ ಮನೆಗೆ ಹೋದ. ಪರಮಾನಂದ ಅದನ್ನೇ ಕಾದಿದ್ದ. ‘ಕಾಕಾ ಒಪ್ಪಿದ್ದಾನೆ, ನೋಡಲಾಗದೆ ಊರು ಬಿಟ್ಟು ಹೋಗಿದ್ದಾನೆ’ ಎಂದು ಫಾದರ್‌ಗೆ ಹೇಳಿ, ಜೆಸಿಬಿ ತಂದು ಅಗೆಸಿದ. ಹಲಗೆ ಗಟ್ಟಿಯಾಗೇ ಇತ್ತು. ಅದನ್ನು ತಂದು ತೊಳೆದು, ಒಣಗಿಸಿ, ಪೀಠದ ನಡುವೆ ಕೂರಿಸಿದರು.

ಇನ್ನಾಸಣ್ಣ ತಿರುಗಿ ಬಂದ ದಿನ ನಾನೇ ಅವನ ಹಿಂದೆ ಚರ್ಚಿಗೆ ಹೋದೆ. ಒಳಗೆ ಪರಮಾನಂದ, ಕಮಿಟಿಯವರು, ಫಾದರ್ ಎಲ್ಲರೂ ಇದ್ದರು. ಅವನು ಬಾಗಿಲಲ್ಲೇ ನಿಂತು ನವಿಲುಗಳನ್ನು ನೋಡಿದ. ಬೈಯಲಿಲ್ಲ, ಅಳಲಿಲ್ಲ.

“ಹಲಗಿ ತಂದ್ರಿ. ಆಕಿ ಮ್ಯಾಲ ಏನ ಮುಚ್ಚಿ ಬಂದ್ರಿ?” ಎಂದ.

ಹೊಸ ಪೆಟ್ಟಿಗೆ ಎಲ್ಲಿ, ಹೊಸ ಸ್ಮಶಾನದಲ್ಲಿ ಅವಳ ಕುಣಿ ಎಲ್ಲಿ ಎಂದು ಫಾದರ್ ಪರಮಾನಂದನ ಮುಖ ನೋಡಿದರು.

“ಮಳಿ ಮಾಡ ಆಗಿತ್ತು ಕಾಕಾ. ಗಡಿಬಿಡ್ಯಾಗ… ತಾಡಪತ್ರಿ ಹೊಚ್ಚಿ ಮಣ್ಣ ಎಳದೇವಿ.”

ಜೋಳದ ರಾಶಿಗೆ ಹೊದಿಸುವ ತಾಡಪತ್ರಿ! ಫಾದರ್ ಬೆಳ್ಳಗಾದರು. ಹಲಗೆ ಬಿಚ್ಚಿಸಿ ಎಂದು ಅವರು ಆ ಕ್ಷಣ ಹೇಳಬಹುದಿತ್ತು. ಆದರೆ ಪೀಠವನ್ನು ಆಶೀರ್ವದಿಸಲು ಬಿಷಪ್ಪರು ಬರುವ ದಿನ ನಿಗದಿಯಾಗಿತ್ತು, ಆಮಂತ್ರಣ ಹಂಚಿಯಾಗಿತ್ತು. ಕ್ಷಮಿಸಬೇಕು ಎಂದು ಕೈಮುಗಿದರು. ಕೈಮುಗಿಯುವುದು ಸುಲಭ. ಇನ್ನಾಸಣ್ಣನ ಬಾಯಿ ಮುಚ್ಚಿಸಲೆಂದೇ ಆಮೇಲೆ ಆ ದಾನಿಯ ಕಲ್ಲು ಬಂತು.

ಅವನು ದಿನವೂ ಹಗಲಿಡೀ ಕೂತು ಹೊಸ ಹಲಗೆ ಮುಗಿಸಿದ. ಅದನ್ನಾದರೂ ಅವಳ ಮೇಲೆ ಹಾಕುತ್ತೇನೆ ಎಂದ. ಮುಗಿಯುವಷ್ಟರಲ್ಲಿ ಹೊಳೆ ಏರಿತ್ತು. ಮರುವರ್ಷದ ಮೇ ತನಕ ಕಾದು, ಚಕ್ಕಡಿಯಲ್ಲಿ ಹಲಗೆ ಹೇರಿಕೊಂಡು ಹೋದ. ಜೆಸಿಬಿ ಅಲ್ಲಿನ ಶಿಲುಬೆ ಕಲ್ಲನ್ನು ಎಲ್ಲಿ ಎತ್ತಿ ಒಗೆದಿತ್ತೋ ತಿಳಿಯಲಿಲ್ಲ. ಆ ತುದಿಯೆಲ್ಲ ಒಂದೇ ಸಮ ರಾಡಿ, ಬಿರುಕು, ಕುಣಿಯ ಗುರುತೇ ಇರಲಿಲ್ಲ. ಜೊತೆಗೆ ಹೋಗಿದ್ದ ನಾನು ಅಗೆಸಿದವನನ್ನೇ ಕರೆಸಿದೆ. ಪರಮಾನಂದ ಚಪ್ಪಲಿಗೆ ಮಣ್ಣು ಹತ್ತೀತೆಂದು ದಡದಲ್ಲೇ ನಿಂತು ಕೈ ಚಾಚಿದ.

“ಅಲ್ಲೇ ಎಲ್ಲೆರ ಇರಬೇಕ ನೋಡ ಕಾಕಾ.”

ಇನ್ನಾಸಣ್ಣ ಸಂಜೆಯ ತನಕ ಅಲ್ಲಲ್ಲಿ ಅಗೆದು ನೋಡಿ, ಅವಳು ಸಿಗದೆ, ಹಲಗೆಯ ಸಮೇತ ಮನೆಗೆ ಬಂದ. ಅದು ಇನ್ನೂ ಅವನ ಪಡಸಾಲೆಯ ಗೋಡೆಗೆ ಒರಗಿದೆ.

ಚರ್ಚು ಈಗ ನಿಜಕ್ಕೂ ಚಂದ ಕಾಣುತ್ತದೆ. ಜಮಖಂಡಿಯಿಂದ, ಮುಧೋಳದಿಂದ ನೋಡಲು ಬರುತ್ತಾರೆ. ಇನ್ನಾಸಣ್ಣ ಒಳಗೆ ಕಾಲಿಡುವುದಿಲ್ಲ. ಸತ್ತವರ ಹಬ್ಬಕ್ಕೆ ಮಾತ್ರ ಹೊಳೆದಂಡೆಗೆ ಬರುತ್ತಾನೆ. ನಾವೆಲ್ಲ ನಮ್ಮ ನಮ್ಮವರ ಕಡೆ ಮುಖ ಮಾಡಿ ನಿಂತಿರುವಾಗ ಅವನು ಮೇಣದ ಬತ್ತಿ ಹಿಡಿದು ದಡದುದ್ದಕ್ಕೂ ಅತ್ತಿಂದಿತ್ತ ತಿರುಗುತ್ತಾನೆ, ಯಾವ ಕಡೆ ಹಚ್ಚಿಡಬೇಕೆಂದು ತಿಳಿಯದೆ.