ಆರು ಗಂಟೆಯ ಗೇಟು

ತಿಪಟೂರಿನ ಕಾಲೇಜೊಂದರಲ್ಲಿ ನಾನು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದಷ್ಟು ಕಾಲವೂ ಮೈದಾನದ ಗೇಟು ಬೆಳಿಗ್ಗೆ ಆರಕ್ಕೆ ಮುಚ್ಚುತ್ತಿತ್ತು. ತಡವಾದವರು ಆರೂವರೆಯವರೆಗೆ ಹೊರಗೇ ನಿಲ್ಲಬೇಕು. ಓಟ, ಕಸರತ್ತು ನಡೆಯುವಾಗ ಒಬ್ಬೊಬ್ಬರೇ ನುಗ್ಗಿದರೆ ಎಲ್ಲರ ಗಮನವೂ ಕೆಡುತ್ತದೆ. ಈ ನಿಯಮ ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ.

ಶೆಟ್ಟಿಕೆರೆಯ ಹುಡುಗಿಯೊಬ್ಬಳು ದಿನವೂ ಆರೂ ಹತ್ತಕ್ಕೆ ಬರುತ್ತಿದ್ದಳು. ಅವಳ ಊರಿನ ಮೊದಲ ಬಸ್ಸೇ ಅಷ್ಟು ಹೊತ್ತಿಗೆ ಬರುತ್ತಿದ್ದುದು. ಅದು ನನಗೆ ಗೊತ್ತಿತ್ತು. ಒಳಗೆ ಬಿಡಿ ಎಂದು ಅವಳು ಕೇಳಲಿಲ್ಲ, ನಾನೂ ಬಿಡಲಿಲ್ಲ. ಮೂಲೆಗೆ ಎಸೆದಿದ್ದ, ಸವೆದು ನುಣುಪಾದ ಹಳೇ ಚೆಂಡೊಂದನ್ನು ಮಾತ್ರ ಕೇಳಿದಳು. ಕೊಟ್ಟೆ. ಮರುದಿನದಿಂದ ಗೇಟಿನಾಚೆ ಅದು ಪುಟಿಯುವ ಸದ್ದು ಕೇಳಿಸುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ.

ತಂಡದಲ್ಲಿ ಅವಳು ಪಾಯಿಂಟ್ ಗಾರ್ಡ್. ಚೆಂಡನ್ನು ಪುಟಿಸುತ್ತ ಮುಂದೆ ತಂದು, ಯಾರು ಎಲ್ಲಿದ್ದಾರೆಂದು ನೋಡಿ, ಸರಿಯಾದವರ ಕೈಗೆ ಸೇರಿಸುವ ಕೆಲಸ. ಚೆಂಡು ನೋಡಬೇಡಿ, ಜನರನ್ನು ನೋಡಿ ಎಂದು ಉಳಿದವರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಇವಳಿಗೆ ಒಮ್ಮೆಯೂ ಹೇಳಬೇಕಾಗಲಿಲ್ಲ. ಕೇಳಿದರೆ, "ನಮ್ಮಪ್ಪ ಕಾಯಿ ಸುಲಿಯೋವಾಗ ಕೈ ನೋಡೋದೇ ಇಲ್ಲ ಮೇಡಂ. ದಾರೀಲಿ ಹೋಗೋರ್ನೆಲ್ಲ ಮಾತಾಡುಸ್ತಾ ಕೂತಿರ್ತಾರೆ," ಅಂದಿದ್ದಳು.

ಅವಳ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ವಾರವಿತ್ತು. ಅಭ್ಯಾಸದಲ್ಲಿ ಚೆಂಡು ಬಡಿದು ಅವಳ ಬಲಗೈಯ ಉಂಗುರದ ಬೆರಳು ಊದಿಕೊಂಡಿತು. ಡಾಕ್ಟರು ಎರಡು ಬೆರಳು ಸೇರಿಸಿ ಪಟ್ಟಿ ಸುತ್ತಿದರು. ನಾನು ಆಯ್ಕೆಗೆ ಕಳಿಸುವವರ ಹೆಸರುಗಳಲ್ಲಿ ಅವಳದನ್ನು ಹೊಡೆದುಹಾಕಿ ಬೇರೆಯವಳದ್ದು ಬರೆದೆ. ಅವಳನ್ನು ಕರೆದು ಹೇಳಿದೆ.

"ಈ ಸಲ ಬಿಟ್ಟುಬಿಡಮ್ಮ."

"ಇನ್ನೊಂದ್ಸಲ ಎಲ್ಲೈತೆ ಮೇಡಂ? ಪರೀಕ್ಷೆ ಮುಗುದ್ರೆ ನನ್ ಕಾಲೇಜೂ ಮುಗೀತು."

"ಬಲಗೈ ಇಲ್ಲದೆ ಏನು ಆಡ್ತೀಯ?"

"ಎಡಗೈ ಐತಲ್ಲ."

"ನಿನಗೆ ಎಡಗೈ ಆಟ ಯಾವಾಗ ಬಂತು?"

"ನೀವು ಗೇಟು ಹಾಕ್ತಿದ್ರಲ್ಲ, ಆವಾಗಿಂದ."

ಪಕ್ಕದಲ್ಲಿದ್ದ ಹುಡುಗಿಯರು ಮುಖ ತಿರುಗಿಸಿ ನಕ್ಕರು. ಅವಳು ನಗಲಿಲ್ಲ. "ಬಲಗೈಲಿ ಬ್ಯಾಗು, ಊಟದ ಡಬ್ಬಿ ಇರ್ತಿತ್ತು. ಕೆಳಗಿಟ್ರೆ ಟೀ ಅಂಗಡಿ ನಾಯಿ ಬುಡ್ತಿತ್ತಾ? ಒಂದಿನ ಚಿತ್ರಾನ್ನ ಪೂರ್ತಿ ಅದಕ್ಕೇ ಆಯ್ತು. ಆಮೇಲಿಂದ ಡಬ್ಬಿ ಬಲಗೈಲಿ, ಚೆಂಡು ಎಡಗೈಲಿ."

ಯಾರದೇ ಮಾತನ್ನು ಪರೀಕ್ಷಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ಇಬ್ಬರು ಗಟ್ಟಿ ಹುಡುಗಿಯರನ್ನು ಅವಳ ಮೇಲೆ ಬಿಟ್ಟು, ಈ ತುದಿಯಿಂದ ಆ ತುದಿಗೆ ಹತ್ತು ಸಲ ಚೆಂಡು ತರಲು ಹೇಳಿದೆ. ನಾಲ್ಕು ಸಲ ಕಳೆದುಕೊಂಡಳು. ಮರುದಿನ ಎರಡು. ಮೂರನೆಯ ದಿನ ಒಂದು. ಅಂದು ಅವಳ ಹೆಸರನ್ನು ಮತ್ತೆ ಬರೆದೆ. ಅವಳಿಗಾಗಿ ನಾನು ಕೈಬಿಟ್ಟ ಹುಡುಗಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅದು ನ್ಯಾಯವೇ.

ಆಯ್ಕೆಯ ಆಟದಲ್ಲಿ ಮೊದಲರ್ಧ ಅವಳದಾಯಿತು. ಆಮೇಲೆ ಎದುರಿನವರಿಗೆ ಗುಟ್ಟು ತಿಳಿಯಿತು. ಇಬ್ಬರು ಎಡಗಡೆಯೇ ಬಂದು ನಿಂತು ದಾರಿ ಮುಚ್ಚಿದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಮಾತ್ರ, ಅವರು ಮೇಲೆ ಬೀಳುವ ಮೊದಲೇ, ರಿಂಗಿನ ಕೆಳಗೆ ಒಂಟಿಯಾಗಿದ್ದ ಹುಡುಗಿಗೆ ಚೆಂಡು ದಾಟಿಸಿದಳು. ಮತ್ತೆ ಬಂದರು, ಮತ್ತೆ ದಾಟಿಸಿದಳು. ತಾನು ಒಂದು ಬ್ಯಾಸ್ಕೆಟ್ಟನ್ನೂ ಹಾಕಲಿಲ್ಲ.

ಆಯ್ಕೆಗಾರರು ನನ್ನ ಬಳಿ ಬಂದು, "ಎಡಗೈ ಚೆನ್ನಾಗಿ ಪಳಗಿಸಿದ್ದೀರಿ ಮೇಡಂ," ಅಂದರು.

"ನಾನು ಪಳಗಿಸಿದ್ದಲ್ಲ. ಅವಳೇ ಹೊರಗೆ ನಿಂತು ಕಲಿತಿದ್ದು," ಅಂದೆ.

ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿದ ಹನ್ನೆರಡು ಹೆಸರುಗಳಲ್ಲಿ ಅವಳದು ಕೊನೆಯದು. ಆ ವರ್ಷ ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನ ಮೇಲೆಯೇ ಕುಳಿತಿದ್ದಳು. ಆದರೆ ಆ ತಂಡದ ಅಂಗಿ ತೊಟ್ಟು ಕುಳಿತಿದ್ದಳು. ಈಗ ತುರುವೇಕೆರೆ ಕಡೆಯ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ.

ನಾನು ನಿವೃತ್ತಳಾಗುವವರೆಗೂ ಗೇಟು ಆರಕ್ಕೇ ಮುಚ್ಚಿತು. ಮುಚ್ಚುವ ಮೊದಲು ಎರಡು ಚೆಂಡು ಹೊರಗಿಡುತ್ತಿದ್ದೆ. ಹಳೆಯವಲ್ಲ, ಹೊಸವು. ಡಬ್ಬಿ ತೂಗುಹಾಕಲು ಗೋಡೆಗೆ ಮೊಳೆ ಹೊಡೆಸಿಕೊಡಿ ಎಂದು ತಡವಾಗಿ ಬರುವ ಒಬ್ಬಳು ಕೇಳಿದ್ದಳು. ಹೊಡೆಸಲಿಲ್ಲ.