ಮೂರನೇ ಪೆಟ್ಟಿಗೆಯ ಹುಳಿ ವಾಸನೆ

ಮೊನ್ನೆ ನಮ್ಮ ಬಿಲ್ಡಿಂಗಿನಲ್ಲಿ ಇಡೀ ದಿನ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟಿನ ಮುಚ್ಚಳ ತೆಗೆದ ಸೊಸೆ ಮುಖ ಸಿಂಡರಿಸಿ, "ಮಾವ, ಸ್ವಲ್ಪ ನೋಡಿ" ಎಂದು ಪಾತ್ರೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಹಿಟ್ಟು, ಹಾಲು, ತೆಂಗಿನಕಾಯಿ, ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊನೆಯ ತೀರ್ಪು ನನ್ನ ಮೂಗಿನದು. ಮೂಸಿದೆ. ಮೂಸಿದವನು ಹಾಗೆಯೇ ಕುಳಿತುಬಿಟ್ಟೆ. ಪರೇಲಿನ ಆ ಹೋಟೆಲು, ಮೆಟ್ಟಿಲ ಕೆಳಗಿನ ಆ ಕತ್ತಲೆ ಕೋಣೆ, ಹಿಟ್ಟಿನ ಭಟ್ಟರು...

ಐವತ್ತರ ದಶಕದ ಮಾತು. ಗಿರಣಿಗಳ ನಡುವಿನ ಉಡುಪಿ ಹೋಟೆಲುಗಳಿಗೆ ನಾನು ಬಾಳೆಲೆ, ತೆಂಗಿನಕಾಯಿ ಒದಗಿಸುತ್ತಿದ್ದೆ. ಕೈಯಲ್ಲಿ ಬಂಡವಾಳವಿರಲಿಲ್ಲ, ಬಾಯಿಯೇ ಬಂಡವಾಳ. ಯಾರಿಗೆ ಏನು ಬೇಕು, ಯಾರ ಹತ್ತಿರ ಏನು ಇದೆ ಎಂದು ತಿಳಿದುಕೊಂಡು ನಡುವೆ ನಿಂತರೆ ಈ ಊರಿನಲ್ಲಿ ಬದುಕಬಹುದು. ಇವತ್ತಿನ ಹುಡುಗರಿಗೂ ನಾನು ಅದನ್ನೇ ಹೇಳುವುದು. ತೆಂಗಿನಕಾಯಿಯನ್ನು ಬರೀ ಅಲ್ಲಾಡಿಸಿ ಕೊಳ್ಳಬೇಡಿ, ಅದರ ಕಣ್ಣಿನ ಹತ್ತಿರ ಮೂಸಿ ಕೊಳ್ಳಿ ಎಂದೂ ಹೇಳುತ್ತೇನೆ. ಅದು ಮಾತ್ರ ನನ್ನ ಬುದ್ಧಿಯಲ್ಲ, ಭಟ್ಟರದು.

ಅಂಥ ಒಂದು ಹೋಟೆಲಿನಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬುವ ಕೆಲಸ ಅವರದು. ಮೆಟ್ಟಿಲ ಕೆಳಗೆ ಒಂದು ಕೋಣೆ, ಕಿಟಕಿಯಿಲ್ಲ. ಕಲ್ಲು, ಹಂಡೆಗಳು, ಅಕ್ಕಿಯ ಮೂಟೆ. ಆ ಮೂಟೆಗಳಿಗೆ ಒರಗಿಯೇ ಅವರ ನಿದ್ದೆ. ತಲೆಯ ಮೇಲೆ ಗಿರಾಕಿಗಳು ಹತ್ತಿ ಇಳಿಯುವ ಸದ್ದು. ಹನ್ನೊಂದು ವರ್ಷದಿಂದ ಹಾಗೇ ಇದ್ದರು. ಯಾವ ಹಂಡೆಯನ್ನು ಯಾವ ಹೊತ್ತಿಗೆ ಮೇಲೆ ಕಳಿಸಬೇಕೆಂದು ಬರೀ ಮೂಗಿನಿಂದ ಹೇಳುತ್ತಿದ್ದರು. ಅದಕ್ಕೇ ಹೋಟೆಲಿನ ಧಣಿ ಅವರನ್ನು ಬಿಡುವಂತಿರಲಿಲ್ಲ. ಊರಿಗೆ ಹೋಗಿ ಬರುತ್ತೇನೆ ಎಂದರೆ, "ಹೋಗಿ ಭಟ್ರೇ, ಆದರೆ ವಾಪಸ್ ಬರುವುದು ಬೇಡ" ಎನ್ನುತ್ತಿದ್ದ. ಭಟ್ಟರು ಹೋಗುತ್ತಿರಲಿಲ್ಲ.

"ಹುಳಿಯಲ್ಲಿ ಎರಡು ಉಂಟು ಮಾರಾಯ" ಎಂದು ಒಮ್ಮೆ ನನಗೆ ಹೇಳಿದ್ದರು. "ಒಂದು ಏಳುವ ಹುಳಿ, ಒಂದು ಬೀಳುವ ಹುಳಿ. ಹಿಟ್ಟು ಉಬ್ಬುವಾಗ ಬರುವುದು ಬೇರೆ, ಸತ್ತ ಮೇಲೆ ಬರುವುದು ಬೇರೆ. ನಿನಗೆ ಎರಡೂ ಒಂದೇ. ನೀನು ಬಾಯಲ್ಲಿ ಮೂಸುವವ ಅಲ್ವಾ?"

ನಾನು ಬಾಳೆಲೆ ಕೊಳ್ಳುತ್ತಿದ್ದುದು ಭಾಂಡುಪಿನ ಒಬ್ಬ ಗುಜರಾತಿ ಸೇಠರ ತೋಟದಿಂದ. ಆಗ ಅಲ್ಲಿ ಗುಡ್ಡದ ಬುಡದವರೆಗೂ ತೋಟವೇ. ಸೇಠರಿಗೆ ಜೇನು ಸಾಕುವ ಹುಚ್ಚು. ಎಂಟು ಪೆಟ್ಟಿಗೆ ಇಟ್ಟಿದ್ದರು. ನೋಡಿಕೊಳ್ಳುವವನು ಬಿಟ್ಟುಹೋಗಿದ್ದ. ಈ ಮಾತು ಕಿವಿಗೆ ಬಿದ್ದದ್ದೇ ನನಗೆ ಭಟ್ಟರ ನೆನಪಾಯಿತು. ಅವರ ತಂದೆ ಊರಿನಲ್ಲಿ ಮನೆಯ ಹಿಂದೆ ಮಡಕೆ ಕಟ್ಟಿ ಜೇನು ಸಾಕಿದ್ದರಂತೆ. ಕೂಡಲೇ ನಡುವೆ ನಿಂತೆ. ನಾಲ್ಕು ಸೋಮವಾರ, ಅಂದರೆ ಭಟ್ಟರ ರಜೆಯ ದಿನ, ಅವರು ಬಂದು ಕೆಲಸ ತೋರಿಸುವುದು. ಸೇಠರಿಗೆ ಒಪ್ಪಿಗೆಯಾದರೆ ನಾಲ್ಕನೇ ಸೋಮವಾರ ಕೆಲಸ ಪಕ್ಕಾ. ಸೇಠರು ಇರಲಿಕ್ಕೆ ಗೋದಾಮಿನ ಮೂಲೆ ಕೊಡುತ್ತೇನೆಂದರು. ನಾನು ಬಿಡಲಿಲ್ಲ. ಮಾತಾಡಿ ಮಾತಾಡಿ ಗುಡ್ಡದ ಕಡೆಯ ಕೋಣೆಯನ್ನೇ ಗಿಟ್ಟಿಸಿಕೊಂಡೆ.

ಸುದ್ದಿ ಹೇಳಿದಾಗ ಭಟ್ಟರು ಸಂಬಳ ಕೇಳಲಿಲ್ಲ. "ಕಿಟಕಿ ಉಂಟಾ?" ಎಂದು ಕೇಳಿದರು.

ಮೊದಲ ಸೋಮವಾರ ಲೋಕಲ್ ರೈಲಿನಲ್ಲಿ ಬಾಗಿಲ ಹತ್ತಿರವೇ ನಿಂತು ಬಂದರು. ತೋಟದಲ್ಲಿ ಒಂದೊಂದೇ ಪೆಟ್ಟಿಗೆಯ ಬಾಗಿಲಿಗೆ ಮೂಗು ಕೊಟ್ಟು, ಕಣ್ಣು ಮುಚ್ಚಿ, ಮೇಣದ ಬಿಸಿ ವಾಸನೆ ಎಳೆದುಕೊಂಡರು. ಆ ದಿನ ಅವರು ನಕ್ಕದ್ದನ್ನು ನೋಡಿದೆ. ಮುಂದಿನ ಹಲ್ಲು ಒಂದಿಲ್ಲ ಎಂದು ಗೊತ್ತಾದದ್ದೇ ಆಗ.

ಎರಡನೇ ಸೋಮವಾರ ಮೂರನೇ ಪೆಟ್ಟಿಗೆಯ ಮುಂದೆ ನಿಂತವರು ಕದಲಲಿಲ್ಲ. ಮುಚ್ಚಳ ಎತ್ತಿ ಮೇಣದ ಒಂದು ಎರಿಯನ್ನು ಬಿಸಿಲಿಗೆ ಹಿಡಿದರು. ಮುತ್ತಿನ ಹಾಗೆ ಬೆಳ್ಳಗೆ ಸುರುಳಿ ಸುತ್ತಿ ಮಲಗಬೇಕಾದ ಮರಿಹುಳುಗಳು ಹಳದಿಯಾಗಿ, ಗೂಡಿನ ತಳಕ್ಕೆ ಕುಸಿದಿದ್ದವು.

"ಬೀಳುವ ಹುಳಿ" ಎಂದರು. "ಮರಿ ಕೊಳೆಯುವ ರೋಗ ಇದು. ಅಪ್ಪ ಇಂಥ ಮಡಕೆಯನ್ನು ಅದೇ ದಿನ ಸುಡುತ್ತಿದ್ದರು. ಇದೊಂದನ್ನು ಸುಟ್ಟರೆ ಉಳಿದ ಏಳು ಬದುಕುತ್ತವೆ. ಸೇಠರಿಗೆ ಈಗಲೇ ಹೇಳುವ."

ನಾನು ಅವರ ಕೈ ಹಿಡಿದೆ. "ಭಟ್ರೇ, ನಿಮಗೆ ವ್ಯವಹಾರ ಗೊತ್ತಿಲ್ಲ. ಬಂದ ಎರಡನೇ ದಿನವೇ ಬೆಂಕಿ ಹಚ್ಚುತ್ತೇನೆ ಅಂದರೆ ಯಾವ ಯಜಮಾನ ಇಟ್ಟುಕೊಳ್ಳುತ್ತಾನೆ? ಈ ಮನುಷ್ಯನ ಕೈಗುಣವೇ ಸರಿಯಿಲ್ಲ ಅನ್ನುತ್ತಾನೆ. ಕೆಲಸ ಪಕ್ಕಾ ಆಗಲಿ, ಆಮೇಲೆ ಹೇಳಿ. ಎರಡು ಸೋಮವಾರ ತಾನೇ?"

"ಹುಳಕ್ಕೆ ಸೋಮವಾರ ಗೊತ್ತುಂಟಾ ಮಾರಾಯ?"

"ಕಿಟಕಿ ಬೇಕೋ ಬೇಡವೋ?"

ಅವರು ಗುಡ್ಡದ ಕಡೆಯ ಆ ಕೋಣೆಯನ್ನು ನೋಡಿದರು. ಮುಚ್ಚಳ ಮುಚ್ಚಿದರು...

ಆ ವಾರ ಸೇಠರೇ ಮೂರನೇ ಪೆಟ್ಟಿಗೆ ಸೊರಗಿರುವುದನ್ನು ಕಂಡರು. ಪಾಪ, ಒಳ್ಳೆಯದೇ ಮಾಡಲು ಹೊರಟರು. ಅದರ ಎರಿಗಳನ್ನು ತೆಗೆದು ಬಲವಾದ ಪೆಟ್ಟಿಗೆಗಳಿಗೆ ಹಂಚಿ, ಅಲ್ಲಿನವನ್ನು ಇದಕ್ಕೆ ಇಟ್ಟರು. ರೋಗವೆಂದು ಯಾರಾದರೂ ಹೇಳಿದ್ದರೆ ತಾನೇ ಅವರಿಗೆ ಗೊತ್ತಾಗುವುದು? ಮೂರನೇ ಸೋಮವಾರ ನಾಲ್ಕು ಪೆಟ್ಟಿಗೆ ಹುಳಿ ನಾರಿದವು. ಭಟ್ಟರು ನನ್ನ ಮುಖ ನೋಡಿದರು. "ಇನ್ನೊಂದೇ ವಾರ" ಎಂದೆ. ಆ ಮಾತನ್ನು ಹೇಳಿದ್ದು ನಾನೇ, ಇದೇ ಬಾಯಿಂದ.

ನಾಲ್ಕನೇ ಸೋಮವಾರ ಗೇಟಿನಲ್ಲಿ ಕಾಲಿಡುತ್ತಲೇ ನನ್ನ ಮೂಗಿಗೂ ಬಡಿಯಿತು. ಎಂಟೂ ಪೆಟ್ಟಿಗೆಗೆ ರೋಗ ಹತ್ತಿತ್ತು. ಭಟ್ಟರು ನೇರವಾಗಿ ಸೇಠರ ಮುಂದೆ ಹೋಗಿ ನಿಂತು, ತಮಗೆ ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದರು.

"ಕಬ್ ಸೇ ಮಾಲೂಮ್ ಥಾ, ಮಹಾರಾಜ್?" ಯಾವಾಗಿನಿಂದ ಗೊತ್ತಿತ್ತು ಎಂದು ಸೇಠರು ಮೆತ್ತಗೆ ಕೇಳಿದರು.

ಇಲ್ಲಿ ಒಂದು ಸುಳ್ಳು ಸಾಕಾಗಿತ್ತು. ಇವತ್ತೇ ಗೊತ್ತಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಿಂದಿನಿಂದ ಅಂಗಿ ಎಳೆದೆ. ಭಟ್ಟರು ಎರಡು ಬೆರಳು ಎತ್ತಿದರು. "ದೂಸ್ರಾ ಸೋಮವಾರ್."

ಯಾಕೆ ಹೇಳಲಿಲ್ಲ ಎಂದು ಸೇಠರು ಕೇಳಿದರು. ಭಟ್ಟರು ನೆಲ ನೋಡುತ್ತ ನಿಂತರು. ನನ್ನ ಕಡೆ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು. ಬಾಯಿಯೇ ಬಂಡವಾಳ ಅಂದೆನಲ್ಲ... ಆ ಹೊತ್ತಿಗೆ ಅದು ತೆರೆಯಲಿಲ್ಲ. ಬಾಳೆಲೆಯ ವ್ಯಾಪಾರ ತಪ್ಪಬಾರದು ಎಂಬ ಯೋಚನೆ ಒಳಗೆ ಕುಳಿತಿತ್ತು. ಗೊತ್ತಿದ್ದೂ ಮುಚ್ಚಿಟ್ಟವರು ತಮಗೆ ಬೇಡ ಎಂದುಬಿಟ್ಟರು ಸೇಠರು.

ಸಂಜೆ, ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಭಟ್ಟರು ಒಂದೊಂದು ಪೆಟ್ಟಿಗೆಯ ಬಾಗಿಲಿಗೂ ಹಸಿ ಮಣ್ಣು ಮೆತ್ತಿದರು. ಒಳಗೆ ಗುಂಯ್‌ಗುಡುವ ಸದ್ದು ಏರಿತು. ಮಾಲಿ ತೋಡಿದ ಗುಂಡಿಯಲ್ಲಿಟ್ಟು ಬೆಂಕಿ ಕೊಟ್ಟೆವು. ವಾಪಸಿನ ಲೋಕಲ್‌ನಲ್ಲಿ ಬಾಗಿಲ ಹತ್ತಿರ ಜಾಗವಿತ್ತು, ಅವರು ಒಳಗೆ ಹೋಗಿ ಮೂಲೆಯಲ್ಲಿ ಕುಳಿತರು. ದಾದರ್ ದಾಟಿದ ಮೇಲೆ ಒಂದೇ ಮಾತು ಹೇಳಿದರು. "ಮಣ್ಣು ಮೆತ್ತುವಾಗ ಒಂದು ಹುಳು ನನ್ನ ಕೈಯ ಮೇಲೆ ಕೂತಿತ್ತು. ಕಚ್ಚಲಿಲ್ಲ ಮಾರಾಯ."

ಸುದ್ದಿ ಧಣಿಗೂ ಮುಟ್ಟಿತು. ಸೋಮವಾರದ ರಜೆ ನಿಂತಿತು. ನಾನು ಎಲೆ ಹಾಕಲು ಹೋದಾಗಲೆಲ್ಲ ಮೆಟ್ಟಿಲ ಕೆಳಗಿನಿಂದ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ಬಗ್ಗಿ ನೋಡಿದರೆ ಭಟ್ಟರು ಮೊದಲಿನಂತೆಯೇ, "ಎಂತ, ಊಟ ಆಯ್ತಾ?" ಎನ್ನುತ್ತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕ್ರಮೇಣ ಎಲೆಯನ್ನು ಬೇರೆಯವರ ಕೈಯಲ್ಲಿ ಕಳಿಸತೊಡಗಿದೆ. ಕೆಲವು ವರ್ಷ ಬಿಟ್ಟು ಹೋದಾಗ ಅಲ್ಲಿ ರುಬ್ಬುವ ಮೆಷಿನ್ ಬಂದಿತ್ತು. ಕೋಣೆಯಲ್ಲಿ ಸೋಡಾ ಬಾಟಲಿಯ ಪೆಟ್ಟಿಗೆಗಳು. ಭಟ್ಟರೆಲ್ಲಿ ಎಂದರೆ ಊರಿಗೆ ಹೋದರು ಎಂದ ಒಬ್ಬ. ಯಾವ ಭಟ್ಟರು ಎಂದ ಇನ್ನೊಬ್ಬ.

ಇಷ್ಟು ವರ್ಷ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ. ಮನೆ ಕೊಳ್ಳುವವರಿಗೆ, ಅಂಗಡಿ ಹಾಕುವವರಿಗೆ. ಹೆಚ್ಚಿನವರಿಗೆ ಒಳ್ಳೆಯದೇ ಆಗಿದೆ. ಆದರೆ ಬುದ್ಧಿ ಎಂದಾಗ ನನಗೆ ನೆನಪಾಗುವುದು ಅದೊಂದೇ.

"ಮಾವ, ಸ್ವಲ್ಪ ರವೆ, ಸಕ್ಕರೆ ಸೇರಿಸಿ ಹುಯ್ದರೆ ಗೊತ್ತಾಗಲಿಕ್ಕಿಲ್ಲ ಅಲ್ವಾ?" ಎಂದಳು ಸೊಸೆ. ಅವಳ ತವರಿನವರು ಸಾಂತಾಕ್ರೂಜ್‌ನಿಂದ ತಿಂಡಿಗೆ ಬರುವವರಿದ್ದರು.

"ಚೆಲ್ಲಿಬಿಡು" ಎಂದೆ.

"ಬಂದವರಿಗೆ ಏನು ಹೇಳುವುದು?"

"ಹಿಟ್ಟು ಹಾಳಾಗಿದೆ ಅಂತ. ಬಂದ ಮೇಲೆ ಬೇಡ, ಈಗಲೇ ಫೋನ್ ಮಾಡಿ ಹೇಳು."

ದೋಸೆ ಹಿಟ್ಟಿಗೆ ಇಷ್ಟು ಅವಸರವೇ ಎಂದು ಅವಳು ನಕ್ಕಳು. ನಾನು ಎದ್ದು ಹೋಗಿ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದೆ.